ಹೆಗ್ಗೋಡಿನ ಕೆ.ವಿ. ಸುಬ್ಬಣ್ಣ: ಊರಿಗೆ ಮರಳಿ ಪ್ರೇಕ್ಷಕರನ್ನು ಬೆಳೆಸಿದ ಬದುಕು

ತಾಳಗುಂದದ ಪ್ರಣವೇಶ್ವರ ದೇವಾಲಯದ ಎದುರಿನ ಶಾಸನಸ್ತಂಭದ ಬಗ್ಗೆ ನಾವೆಲ್ಲರೂ ಶಾಲೆಯಲ್ಲಿ ಓದಿದ್ದೇವೆ. ಕದಂಬ ವಂಶದ ಮಯೂರಶರ್ಮ ಈ ಊರಿನವನು. ಹೆಚ್ಚಿನ ಓದಿಗಾಗಿ ಗುರು ವೀರಶರ್ಮನ ಜೊತೆ ಕಂಚಿಯ ಘಟಿಕಾಸ್ಥಾನಕ್ಕೆ ಹೋದವನು, ಅಲ್ಲಿ ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾಗಿ ಓದು ಬಿಟ್ಟು ಕತ್ತಿ ಹಿಡಿದ. ಆ ಕಥೆಯನ್ನು ಕುಬ್ಜನೆಂಬ ಕವಿ ಸಂಸ್ಕೃತ ಕಾವ್ಯವಾಗಿ ಕಂಬದ ಮೇಲೆ ಬರೆದಿದ್ದಾನೆ. ಅಂದರೆ ಹೆಚ್ಚಿನ ಓದಿಗೆ ಊರು ಬಿಡುವುದು ನಮ್ಮ ಕಡೆ ಸಾವಿರದ ಆರುನೂರು ವರ್ಷಗಳ ಹಿಂದೆಯೇ ಇತ್ತು. ಇಂದಿಗೂ ಶಿಕಾರಿಪುರ, ಸೊರಬ ತಾಲ್ಲೂಕುಗಳ ಹಳ್ಳಿಗಳಲ್ಲಿ ಚೆನ್ನಾಗಿ ಓದುವ ಮಗುವನ್ನು ಕಂಡರೆ, ಇವನು ಇಲ್ಲಿ ಉಳಿಯುವವನಲ್ಲ ಎಂದೇ ಜನ ಹೇಳುತ್ತಾರೆ. ಹಳ್ಳಿಯ ಶಾಲೆಗೆ ಶಿಕ್ಷಕರಾಗಿ ಹೋಗುವುದನ್ನು ನಮ್ಮಲ್ಲೇ ಕೆಲವರು ಹಿನ್ನಡೆ ಎಂದು ಎಣಿಸುವುದುಂಟು.

ತಾಳಗುಂದದಿಂದ ಶಿರಾಳಕೊಪ್ಪ, ಸೊರಬ ದಾಟಿ ಸಾಗರಕ್ಕೆ ಹೋದರೆ, ಅಲ್ಲಿಂದ ಕೆಲವೇ ಕಿಲೋಮೀಟರು ದೂರದಲ್ಲಿ ಹೆಗ್ಗೋಡು ಇದೆ. ಓದು ಮುಗಿಸಿ ಈ ಊರಿಗೆ ಮರಳಿ ಬಂದು, ಜೀವನಪೂರ್ತಿ ಅಲ್ಲೇ ಉಳಿದವರು ಕೆ.ವಿ. ಸುಬ್ಬಣ್ಣ. ಪ್ರತಿ ವರ್ಷ ದಸರಾ ಸುಮಾರಿಗೆ ನಾಡಿನ ಬೇರೆ ಬೇರೆ ಕಡೆಯ ಶಿಕ್ಷಕರು, ವಿದ್ಯಾರ್ಥಿಗಳು, ಬರಹಗಾರರು ಹೆಗ್ಗೋಡಿಗೆ ಬರುತ್ತಾರೆ. ಅದಕ್ಕೆ ಕಾರಣವಾದ ಬದುಕನ್ನು ಪ್ರಶಿಕ್ಷಣಾರ್ಥಿಗಳಾದ ನಾವು ತಿಳಿದುಕೊಳ್ಳಬೇಕು.

ಸುಬ್ಬಣ್ಣನವರು ಹುಟ್ಟಿದ್ದು 1932ರ ಫೆಬ್ರವರಿ 20ರಂದು, ಸಾಗರ ತಾಲ್ಲೂಕಿನ ಮುಂಡಿಗೇಸರದಲ್ಲಿ. ಅಡಿಕೆ ತೋಟದ ಮನೆತನ. ಮಲೆನಾಡಿನ ಹಳ್ಳಿಗಳಲ್ಲಿ ಆಗ ಯಕ್ಷಗಾನ, ತಾಳಮದ್ದಳೆ, ಊರವರೇ ಸೇರಿ ಆಡುವ ನಾಟಕಗಳು ಜನರ ಬದುಕಿನ ಭಾಗವಾಗಿದ್ದವು. ಹೊಸದೇನೂ ಇಲ್ಲದ ಊರಿಗೆ ಸುಬ್ಬಣ್ಣನವರು ಕಲೆಯನ್ನು ತಂದರು ಎಂದು ಹೇಳುವುದು ಸರಿಯಲ್ಲ. ಮಕ್ಕಳು ತರಗತಿಗೆ ಬರುವಾಗ ಪೂರ್ವಜ್ಞಾನ ಇಟ್ಟುಕೊಂಡೇ ಬರುತ್ತಾರೆ ಎಂದು ನಾವು ಕಲಿಯುತ್ತೇವಲ್ಲ, ಹಾಗೆ ಹೆಗ್ಗೋಡಿನ ಜನರಲ್ಲಿಯೂ ನಾಟಕ ನೋಡುವ, ಅದರ ಬಗ್ಗೆ ವಾದಿಸುವ ಅಭ್ಯಾಸ ಮೊದಲೇ ಇತ್ತು. ಅವರು ಅದರ ಮೇಲೆ ಕಟ್ಟಿದರು.

1949ರಲ್ಲಿ ಊರಿನ ಯುವಕರು ಸೇರಿ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘವನ್ನು ಕಟ್ಟಿದರು. ಹೆಸರು ಊರ ದೇವರದ್ದು. ಆಗ ಸುಬ್ಬಣ್ಣನವರಿಗೆ 17 ವರ್ಷ. ನಾಟಕ ಆಡುವುದು, ಪತ್ರಿಕೆ ಓದುವುದು, ದೇಶದ ಆಗುಹೋಗುಗಳನ್ನು ಚರ್ಚಿಸುವುದು ಈ ಗೆಳೆಯರ ಕೆಲಸವಾಗಿತ್ತು. ಸ್ವಾತಂತ್ರ್ಯ ಬಂದು ಎರಡೇ ವರ್ಷವಾಗಿತ್ತು. 1951ರಲ್ಲಿ ಅದೇ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ನಡೆಯಿತು. ರಾಮಮನೋಹರ ಲೋಹಿಯಾ ಅವರೂ ಬಂದು ಬಂಧನಕ್ಕೊಳಗಾದರು. ದೊಡ್ಡ ವಿಚಾರಗಳು ದೆಹಲಿಯಲ್ಲಿ ಮಾತ್ರ ಹುಟ್ಟುವುದಿಲ್ಲ, ತಮ್ಮ ತೋಟ ಗದ್ದೆಗಳ ನಡುವೆಯೂ ಹುಟ್ಟುತ್ತವೆ ಎಂಬುದನ್ನು ಸಾಗರದ ಆ ತಲೆಮಾರು ಕಣ್ಣಾರೆ ಕಂಡಿತು.

ಸುಬ್ಬಣ್ಣನವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿದರು. ಕುವೆಂಪು ಅವರಂಥವರು ಪಾಠ ಹೇಳುತ್ತಿದ್ದ ಕಾಲ. ಅಲ್ಲಿ ಓದಿದವರಿಗೆ ಅಧ್ಯಾಪಕ ವೃತ್ತಿ ಅಥವಾ ಸರ್ಕಾರಿ ಕೆಲಸ ಸಿಗುವುದು ಕಷ್ಟವಿರಲಿಲ್ಲ. ಆದರೆ ಅವರು ಊರಿಗೆ ಬಂದು ಅಡಿಕೆ ತೋಟ ನೋಡಿಕೊಂಡರು. ಬೇರೆ ದಾರಿಯಿಲ್ಲದೆ ಬಂದದ್ದಲ್ಲ, ಆರಿಸಿಕೊಂಡು ಬಂದದ್ದು ಎಂಬುದಕ್ಕೆ ಮುಂದಿನ ಐವತ್ತು ವರ್ಷಗಳ ಕೆಲಸವೇ ಸಾಕ್ಷಿ.

1957ರಲ್ಲಿ, ಅಂದರೆ 25ನೇ ವಯಸ್ಸಿನಲ್ಲಿ, ಅವರು ಅಕ್ಷರ ಪ್ರಕಾಶನವನ್ನು ಆರಂಭಿಸಿದರು. ನಮ್ಮಲ್ಲಿ ಬಹಳ ಮಂದಿಗೆ ಈಗ ಅದೇ ವಯಸ್ಸು. ಹಳ್ಳಿಯೊಂದರಿಂದ ಹೊರಟ ಈ ಪ್ರಕಾಶನ ಮುಂದೆ ನೂರಾರು ಪುಸ್ತಕಗಳನ್ನು ತಂದಿತು. ನಾಟಕ ಮಾಡುವವರಿಗೆ ನಾಟಕಗಳು, ಯೋಚಿಸುವವರಿಗೆ ವಿಚಾರದ ಪುಸ್ತಕಗಳು ಕನ್ನಡದಲ್ಲಿ ಸಿಗಬೇಕು ಎಂಬುದು ಇದರ ಹಿಂದಿನ ಉದ್ದೇಶ. ಅವರು ಸ್ವತಃ ಅನುವಾದ ಮಾಡಿದರು. ಕಾಳಿದಾಸನ ಶಾಕುಂತಲವನ್ನು ‘ಲೋಕ ಶಾಕುಂತಲ’ವಾಗಿ ಕನ್ನಡ ರಂಗಕ್ಕೆ ತಂದರು. 1960ರ ದಶಕದಲ್ಲಿ ಕವಿ ಗೋಪಾಲಕೃಷ್ಣ ಅಡಿಗರು ಸಾಗರದ ಕಾಲೇಜಿಗೆ ಪ್ರಾಂಶುಪಾಲರಾಗಿ ಬಂದರು. ನವ್ಯ ಸಾಹಿತ್ಯದ ಚರ್ಚೆಗಳು ಹೀಗೆ ಈ ಊರುಗಳ ಬಾಗಿಲಿಗೇ ಬಂದವು.

ಸುಬ್ಬಣ್ಣನವರ ಕೆಲಸದಲ್ಲಿ ಒಂದು ಕ್ರಮ ಕಾಣುತ್ತದೆ. ಒಂದು ಕೊರತೆ ಕಂಡಾಗ ಅದಕ್ಕೆ ತಕ್ಕ ಒಂದು ವ್ಯವಸ್ಥೆ. ಅದು ನೆಲೆ ನಿಂತ ಮೇಲೆ ಮುಂದಿನದು. ಸಂಘ ಕಟ್ಟಿದ ಇಪ್ಪತ್ತಮೂರು ವರ್ಷಗಳ ಮೇಲೆ, 1972ರಲ್ಲಿ, ರಂಗಮಂದಿರ ಆಯಿತು. ಅದಕ್ಕೆ ಶಿವರಾಮ ಕಾರಂತರ ಹೆಸರಿಟ್ಟರು. ಕಟ್ಟಡ ಮೊದಲು, ಚಟುವಟಿಕೆ ಆಮೇಲೆ ಎಂಬುದು ನಾವು ಎಲ್ಲೆಡೆ ಕಾಣುವ ರೂಢಿ. ಹೆಗ್ಗೋಡಿನಲ್ಲಿ ಅದು ತಿರುವುಮುರುವಾಗಿತ್ತು.

1973ರಲ್ಲಿ ನೀನಾಸಮ್ ಚಿತ್ರಸಮಾಜ ಶುರುವಾಯಿತು. ‘ಪಥೇರ್ ಪಾಂಚಾಲಿ’, ‘ಬೈಸಿಕಲ್ ಥೀವ್ಸ್’, ‘ರಾಶೊಮನ್’ ಮುಂತಾದ ಚಿತ್ರಗಳನ್ನು ತೋಟದ ಕೆಲಸ ಮುಗಿಸಿ ಬಂದ ಜನ ನೋಡಿದರು. ಬಂಗಾಳಿ, ಇಟಾಲಿಯನ್, ಜಪಾನಿ ಭಾಷೆಯ ಚಿತ್ರಗಳು ಇವರಿಗೆ ಹೇಗೆ ಅರ್ಥವಾದಾವು ಎಂದು ಯಾರಿಗಾದರೂ ಅನಿಸಬಹುದು. ಸುಬ್ಬಣ್ಣನವರು ಇದಕ್ಕೆ ಚಿತ್ರವನ್ನು ಬದಲಿಸಲಿಲ್ಲ, ಹಗುರವಾದದ್ದನ್ನು ತರಲಿಲ್ಲ. ಚಿತ್ರವನ್ನು ಕನ್ನಡದಲ್ಲಿ ಪರಿಚಯ ಮಾಡಿಕೊಡುವುದು, ನೋಡಿದ ಮೇಲೆ ಕೂತು ಮಾತಾಡುವುದು, ಸಿನಿಮಾದ ಬಗ್ಗೆ ಕನ್ನಡದಲ್ಲೇ ಬರೆಯುವುದು, ಇವುಗಳನ್ನು ರೂಢಿಸಿದರು. ಚಿತ್ರ ರಸಗ್ರಹಣ ಶಿಬಿರಗಳು ಇದರಿಂದ ಹುಟ್ಟಿದವು. ಪೀಠಿಕೆ, ನಿರೂಪಣೆ, ಚರ್ಚೆ ಎಂದು ನಾವು ಪಾಠಯೋಜನೆಯಲ್ಲಿ ಬರೆಯುವ ಹಂತಗಳೇ ಇಲ್ಲಿಯೂ ಇವೆ.

ನಾಟಕ ಆಡುವ ಉತ್ಸಾಹ ಇದ್ದವರಿಗೆ ಕ್ರಮವಾದ ಶಿಕ್ಷಣ ಬೇಕಿತ್ತು. ಅದಕ್ಕಾಗಿ 1980ರಲ್ಲಿ ನೀನಾಸಮ್ ರಂಗಶಿಕ್ಷಣ ಕೇಂದ್ರ ಆರಂಭವಾಯಿತು. ಕನ್ನಡ ಮಾಧ್ಯಮದಲ್ಲಿ ಅಭಿನಯ, ರಂಗಸಜ್ಜಿಕೆ, ಬೆಳಕು, ಪ್ರಸಾಧನಗಳನ್ನು ಕಲಿಸುವ ಪೂರ್ಣಾವಧಿ ತರಬೇತಿ ಒಂದು ಹಳ್ಳಿಯಲ್ಲಿ ನಡೆಯತೊಡಗಿತು. ನಂತರ ‘ಜನಸ್ಪಂದನ’ ಎಂಬ ಯೋಜನೆಯಲ್ಲಿ ತರಬೇತಿ ಪಡೆದವರು ಬೇರೆ ಊರುಗಳಿಗೆ ಹೋಗಿ ಅಲ್ಲಿನ ಜನರಿಂದಲೇ ನಾಟಕ ಆಡಿಸಿದರು. ಅದೇ ಕಾಲದ ಒಂದು ಪ್ರಯೋಗವನ್ನು ಇಲ್ಲಿ ನೆನೆಯಬೇಕು. ಉತ್ತರ ಕನ್ನಡದ ಮಂಚಿಕೇರಿ ಸುತ್ತಲಿನ ಸಿದ್ದಿ ಸಮುದಾಯದವರು, ಚಿದಂಬರರಾವ್ ಜಂಬೆ ಅವರ ನಿರ್ದೇಶನದಲ್ಲಿ, ನೈಜೀರಿಯಾದ ಚಿನುವಾ ಅಚಿಬೆಯ ಕಾದಂಬರಿಯನ್ನು ಆಧರಿಸಿದ ‘ಕಪ್ಪು ಜನ ಕೆಂಪು ನೆರಳು’ ನಾಟಕವನ್ನು ಆಡಿದರು. ಆಫ್ರಿಕಾ ಮೂಲದಿಂದ ಬಂದು ಶತಮಾನಗಳಿಂದ ನಮ್ಮ ಕಾಡುಗಳಲ್ಲಿ ನೆಲೆಸಿರುವ ಜನ ಕನ್ನಡದಲ್ಲಿ ಆಫ್ರಿಕಾದ ಕಥೆ ಹೇಳಿದರು.

ಜನಸ್ಪಂದನ ಯೋಜನೆಗೆ ಫೋರ್ಡ್ ಪ್ರತಿಷ್ಠಾನದ ಹಣ ಬಂದದ್ದರ ಬಗ್ಗೆ ಟೀಕೆಯೂ ಬಂತು. ಊರಿನ ಸಂಸ್ಥೆಗೆ ಹೊರಗಿನ ಹಣ ಬಂದರೆ ಅದು ಊರಿನದಾಗಿಯೇ ಉಳಿಯುತ್ತದೆಯೇ ಎಂಬ ಪ್ರಶ್ನೆ ಸಣ್ಣದಲ್ಲ. ಯೋಜನೆ ಮುಗಿದ ಮೇಲೆ ಉಳಿದ ಕೆಲಸವೇ ಅದಕ್ಕೆ ಉತ್ತರವಾಗಬೇಕಿತ್ತು. 1985ರಲ್ಲಿ ‘ನೀನಾಸಮ್ ತಿರುಗಾಟ’ ಆರಂಭವಾಯಿತು. ಹೆಸರು ಯಕ್ಷಗಾನ ಮೇಳಗಳ ತಿರುಗಾಟದಿಂದ ಬಂದದ್ದು. ಮಳೆಗಾಲದಲ್ಲಿ ತಾಲೀಮು, ಮಳೆ ಹಿಂದೆ ಸರಿದ ಮೇಲೆ ಊರೂರು ಪ್ರದರ್ಶನ. ರಂಗಪರಿಕರ, ದೀಪಗಳನ್ನು ವಾಹನಕ್ಕೆ ಹೇರಿಕೊಂಡು, ಪ್ರತಿ ಊರಿನಲ್ಲಿ ಅಲ್ಲಿಯ ಸಂಘಟಕರ ನೆರವಿನಿಂದ ನಾಟಕ ಆಡಿ ಮುಂದಿನ ಊರಿಗೆ ಹೋಗುವ ಈ ಕ್ರಮ ಇಂದಿಗೂ ನಡೆದಿದೆ. ಎಷ್ಟೋ ಊರುಗಳಲ್ಲಿ ಶಾಲೆ ಕಾಲೇಜುಗಳ ಶಿಕ್ಷಕರೇ ಮುಂದೆ ನಿಂತು ಇದನ್ನು ಕರೆಸುತ್ತಾರೆ.

ಚಿತ್ರ ರಸಗ್ರಹಣ ಶಿಬಿರಗಳು ಬೆಳೆದು ಸಂಸ್ಕೃತಿ ಶಿಬಿರವಾದವು. ಇದು ನಡೆಯುವುದು ಶರತ್ಕಾಲದಲ್ಲಿ, ಅಕ್ಟೋಬರ್ ತಿಂಗಳಲ್ಲಿ. ಮಲೆನಾಡಿನವರಿಗೆ ಈ ಹೊತ್ತಿನ ಬೆಲೆ ಗೊತ್ತು. ಜೂನ್‌ನಿಂದ ಸುರಿದ ಮಳೆ ಕಡಿಮೆಯಾಗಿರುತ್ತದೆ, ಓಡಾಟ ಸುಲಭವಾಗಿರುತ್ತದೆ, ಅಡಿಕೆ ಕೊಯ್ಲಿನ ಗಡಿಬಿಡಿ ಇನ್ನೂ ಏರಿರುವುದಿಲ್ಲ, ಶಾಲೆಗಳಿಗೆ ದಸರಾ ರಜೆ. ಕೃಷಿಯ ಪಂಚಾಂಗಕ್ಕೂ ಶಾಲೆಯ ಪಂಚಾಂಗಕ್ಕೂ ಹೊಂದುವ ಸಮಯವಿದು. ಹಗಲು ಉಪನ್ಯಾಸ, ಚರ್ಚೆ. ಸಂಜೆ ನಾಟಕ, ಸಂಗೀತ. ಹಗಲಿನಲ್ಲಿ ಶಿಬಿರಾರ್ಥಿಗಳು ಕೂರುವ ಜಾಗದಲ್ಲಿ ಸಂಜೆ ಊರವರೂ ಬಂದು ಕೂರುತ್ತಾರೆ. ಹೊಸ ತಿರುಗಾಟದ ನಾಟಕಗಳನ್ನು ಮೊದಲು ನೋಡುವವರಲ್ಲಿ ಅವರೂ ಇರುತ್ತಾರೆ.

1991ರಲ್ಲಿ ಸುಬ್ಬಣ್ಣನವರಿಗೆ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ‘ಕವಿರಾಜಮಾರ್ಗ ಮತ್ತು ಕನ್ನಡ ಜಗತ್ತು’ ಎಂಬ ಪ್ರಬಂಧ ಸಂಕಲನಕ್ಕೆ 2003ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಒಂಬತ್ತನೆಯ ಶತಮಾನದ ಆ ಗ್ರಂಥದಲ್ಲಿ ಕನ್ನಡ ನಾಡು ಲೋಕದೊಳಗೆ ಬೆರೆತೂ ತನ್ನತನ ಉಳಿಸಿಕೊಂಡ ನಾಡಾಗಿ ಕಾಣುತ್ತದೆ ಎಂಬುದು ಅವರ ಚಿಂತನೆಯ ಒಂದು ಎಳೆ. ಅವರು ಹೆಗ್ಗೋಡಿನಲ್ಲಿ ಮಾಡಿದ್ದೂ ಇದನ್ನೇ. ಊರದೇವರ ಹೆಸರಿನ ಸಂಘದಲ್ಲಿ ಕಾಳಿದಾಸನೂ ಬಂದ, ಶೇಕ್ಸ್‌ಪಿಯರನೂ ಬಂದ, ಕುರೋಸಾವನೂ ಬಂದ. 2005ರ ಜುಲೈ 16ರಂದು, 73ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ತಿರುಗಾಟ ನಿಲ್ಲಲಿಲ್ಲ, ಶಿಬಿರವೂ ನಿಲ್ಲಲಿಲ್ಲ. ಕಟ್ಟಿದವರು ಹೋದ ಮೇಲೂ ನಡೆಯುವಂತೆ ಕಟ್ಟುವುದು ಎಲ್ಲಕ್ಕಿಂತ ಕಷ್ಟದ ಕೆಲಸ.

ಈ ಬದುಕು ನನಗೆ ಹತ್ತಿರವಾದದ್ದು ಬೋಧನಾಭ್ಯಾಸದ ಒಂದು ದಿನದಿಂದ. ಎಂಟನೇ ತರಗತಿಗೆ ವಿಜ್ಞಾನ ಪಾಠ. ಬೆಳಕು ಬಣ್ಣಗಳಾಗಿ ಒಡೆಯುವುದು ಯಾಕೆ ಎಂಬ ವಿವರಣೆಯನ್ನು ಯೋಜನೆಯಲ್ಲಿ ಬರೆದಿದ್ದೆ. ಹಳ್ಳಿ ಮಕ್ಕಳು, ಅಷ್ಟೆಲ್ಲ ಬೇಡ ಎಂದು ತರಗತಿಯಲ್ಲಿ ಅದನ್ನು ಬಿಟ್ಟು, ಏಳು ಬಣ್ಣಗಳ ಹೆಸರು ಹೇಳಿಸಿ ಮುಗಿಸಿದೆ. ಗಂಟೆ ಹೊಡೆದ ಮೇಲೆ ಒಬ್ಬ ಹುಡುಗಿ ಹತ್ತಿರ ಬಂದು, ಬಣ್ಣಗಳು ಯಾವಾಗಲೂ ಅದೇ ಸಾಲಿನಲ್ಲಿ ಯಾಕೆ ಬರುತ್ತವೆ ಎಂದು ಕೇಳಿದಳು. ನಾನು ಬಿಟ್ಟಿದ್ದ ಭಾಗದಲ್ಲಿಯೇ ಅವಳ ಪ್ರಶ್ನೆಗೆ ಉತ್ತರವಿತ್ತು. ಮಕ್ಕಳಿಗೆ ತಿಳಿಯದು ಎಂದು ನಾನು ತೀರ್ಮಾನಿಸಿದ್ದು ಅವರನ್ನು ಪರೀಕ್ಷಿಸಿ ಅಲ್ಲ, ಅವರ ಊರನ್ನು ನೋಡಿ. ಮರುದಿನ ಅದೇ ಪಾಠವನ್ನು ಪೂರ್ತಿ ಮಾಡಿದೆ. ಕೆಲವರಿಗೆ ಎರಡು ಸಲ ಹೇಳಬೇಕಾಯಿತು, ಅಷ್ಟೇ.

ಬಿ.ಎಡ್. ಪಠ್ಯಕ್ರಮದಲ್ಲಿ ಶಿಕ್ಷಣದಲ್ಲಿ ನಾಟಕ ಮತ್ತು ಕಲೆ ಎಂಬ ವಿಷಯ ನಮಗಿದೆ. ಅದನ್ನು ದಾಖಲೆ ಪುಸ್ತಕ ತುಂಬಿಸಿ ಮುಗಿಸುವುದು ಸುಲಭ. ಅದರ ಬದಲು ಪ್ರತಿಯೊಬ್ಬರೂ ಬೋಧನಾಭ್ಯಾಸದ ಶಾಲೆಯಲ್ಲಿ ಒಂದು ಸಣ್ಣ ಕೆಲಸ ಮಾಡಬಹುದು. ದಸರಾ ರಜೆಗೆ ಮೊದಲು ಮಕ್ಕಳಿಗೆ ಒಂದು ಒಳ್ಳೆಯ ನಾಟಕವನ್ನೋ ಚಿತ್ರವನ್ನೋ ಪರಿಚಯಿಸಿ, ತೋರಿಸಿ, ಅರ್ಧ ಗಂಟೆ ಅವರ ಮಾತು ಕೇಳುವುದು. ಶಾಲೆಯ ವಾರ್ಷಿಕೋತ್ಸವಕ್ಕೆ ಊರಿನ ಹಳೆಯ ಕಲಾವಿದರನ್ನು ಅತಿಥಿಗಳಾಗಿ ಕೂರಿಸುವುದಲ್ಲದೆ, ಮಕ್ಕಳಿಗೆ ಕಲಿಸಲು ಕರೆಯುವುದು. ನಮ್ಮ ನೆರೆಯ ಬಳ್ಳಿಗಾವಿಯಲ್ಲಿ ಅಲ್ಲಮಪ್ರಭು ಮದ್ದಳೆ ನುಡಿಸುತ್ತಿದ್ದನೆಂದು ಹರಿಹರ ಹೇಳುತ್ತಾನೆ. ಆ ನೆಲದ ಮಕ್ಕಳಿಗೆ ಮದ್ದಳೆಯನ್ನು ಚಿತ್ರದಲ್ಲಿ ಮಾತ್ರ ತೋರಿಸಿದರೆ ಸಾಲದು.

ನಮ್ಮಲ್ಲಿ ಕೆಲವರು ಮುಂದೆ ಊರು ಬಿಡುತ್ತೇವೆ, ಕೆಲವರು ಇಲ್ಲೇ ಉಳಿಯುತ್ತೇವೆ. ಉಳಿಯುವವರು ಅದನ್ನು ಸೋಲೆಂದು ತಿಳಿಯಬೇಕಿಲ್ಲ ಎಂಬುದಕ್ಕೆ ಎರಡು ಗಂಟೆಯ ಬಸ್ ಪ್ರಯಾಣದಷ್ಟು ಹತ್ತಿರದಲ್ಲಿ ಉದಾಹರಣೆ ಇದೆ. ಈ ಸಲದ ದಸರಾ ರಜೆಯಲ್ಲಿ ಅಲ್ಲಿಗೆ ಹೋಗಿ, ಸಂಜೆಯ ನಾಟಕಕ್ಕೆ ಊರವರ ಪಕ್ಕದಲ್ಲಿ ಕೂತು ಬರೋಣ.