ವಿಜ್ಞಾನದ ಡಿಗ್ರಿ ಇಲ್ಲದ ವಿಜ್ಞಾನಿ

ಪಿಯುಸಿಯಲ್ಲಿ ನನಗೆ ತುಂಬಾ ಇಷ್ಟದ ವಿಷಯ ಜೀವಶಾಸ್ತ್ರ. ಆದರೆ ನೀಟ್‌ನಲ್ಲಿ ಸೀಟು ಸಿಗುವಷ್ಟು ಅಂಕ ಬರಲಿಲ್ಲ. ಮನೆಯವರ ಮಾತಿಗೆ ಬಿ.ಇ ಸೇರಿದೆ. ಔರಾದ್ ತಾಲ್ಲೂಕಿನ ನಮ್ಮೂರಿನಿಂದ ಭಾಲ್ಕಿಗೆ ಓದಲು ಬಂದ ಮೊದಲ ವರ್ಷವಿಡೀ, ಇಷ್ಟದ ವಿಷಯದ ಬಾಗಿಲು ಮುಚ್ಚಿಹೋಯಿತು ಎಂದು ಕೊರಗುತ್ತಿದ್ದೆ. ಒಂದು ರಜೆಯಲ್ಲಿ ಬೀದರ್‌ನ ಗ್ರಂಥಾಲಯದಲ್ಲಿ ಜೆ.ಬಿ.ಎಸ್. ಹಾಲ್ಡೇನ್ ಅವರ ಬಗ್ಗೆ ಓದಿದೆ. ಅರ್ಧ ಕೊರಗು ಅಲ್ಲೇ ಇಳಿಯಿತು.

ಹಾಲ್ಡೇನ್ 1892ರ ನವೆಂಬರ್ 5ರಂದು ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಹುಟ್ಟಿದರು. ತಂದೆ ಗಣಿಗಳ ವಿಷಾನಿಲದ ಬಗ್ಗೆ ಸಂಶೋಧನೆ ಮಾಡುತ್ತಿದ್ದ ವಿಜ್ಞಾನಿ. ಮಗನನ್ನೂ ಗಣಿಯೊಳಗೆ ಕರೆದೊಯ್ಯುತ್ತಿದ್ದರು. ಆದರೆ ಮಗ ವಿಶ್ವವಿದ್ಯಾಲಯದಲ್ಲಿ ಓದಿದ್ದು ಗಣಿತ ಮತ್ತು ಗ್ರೀಕ್, ಲ್ಯಾಟಿನ್. ವಿಜ್ಞಾನದ ಪದವಿಯನ್ನು ಅವರು ಪಡೆಯಲೇ ಇಲ್ಲ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು ಚೇತರಿಸಿಕೊಳ್ಳಲು ಭಾರತಕ್ಕೆ ಬಂದಾಗಲೇ ಈ ದೇಶ ಅವರಿಗೆ ಹಿಡಿಸಿತ್ತು.

ಡಾರ್ವಿನ್ ಹೇಳಿದ ನೈಸರ್ಗಿಕ ಆಯ್ಕೆಯನ್ನು ಲೆಕ್ಕಕ್ಕೆ ಇಳಿಸಿದವರಲ್ಲಿ ಹಾಲ್ಡೇನ್ ಪ್ರಮುಖರು. ಮ್ಯಾಂಚೆಸ್ಟರ್‌ನ ಹೊಗೆಯಲ್ಲಿ ಸುಮಾರು ಐವತ್ತು ವರ್ಷಗಳಲ್ಲಿ ಬಿಳಿ ಪತಂಗಗಳ ಜಾಗವನ್ನು ಕಪ್ಪು ಪತಂಗಗಳು ಹಿಡಿದಿದ್ದವು. ಹಾಗಾಗಬೇಕಾದರೆ ಕಪ್ಪು ಪತಂಗಗಳ ಸಂತತಿ ಸುಮಾರು ಒಂದೂವರೆ ಪಟ್ಟು ಹೆಚ್ಚು ಉಳಿದಿರಬೇಕು ಎಂದು 1924ರಲ್ಲಿ ಅವರು ಕಾಗದದ ಮೇಲೆಯೇ ಲೆಕ್ಕ ಹಾಕಿದರು.

ಮುಂದೆ 1948ರಲ್ಲಿ ಇನ್ನೊಂದು ಪ್ರಶ್ನೆ ಕೈಗೆತ್ತಿಕೊಂಡರು. ಒಂದು ಜಾಗ ಒಂದು ಗುಣವನ್ನು ಬಯಸುತ್ತದೆ, ಪಕ್ಕದ ಜಾಗ ಇನ್ನೊಂದನ್ನು. ನಡುವೆ ಜೀನ್‌ಗಳು ಅತ್ತಿತ್ತ ಹರಿಯುತ್ತಲೇ ಇದ್ದರೆ ಏನಾಗುತ್ತದೆ? ಯುರೋಪಿನ ಕಡಲ ದಂಡೆಯ ಬಸವನಹುಳುಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಅಲೆ ಬಡಿಯುವ ಬಂಡೆಯ ಮೇಲಿನವು ಸಣ್ಣವು, ಚಿಪ್ಪು ತೆಳು. ಏಡಿಗಳಿರುವ ಕಡೆ ದೊಡ್ಡವು, ಚಿಪ್ಪು ದಪ್ಪ. ಎರಡೂ ಸೇರುವ ಗಡಿಯಲ್ಲಿ ನಡುವಿನ ರೂಪದವು. ಈ ಗಡಿ ಎಷ್ಟು ಅಗಲ ಎಂಬುದು ಆಯ್ಕೆಯ ಬಲ ಮತ್ತು ಜೀನ್‌ಗಳ ಹರಿವು, ಇವೆರಡರ ಜಗ್ಗಾಟದ ಮೇಲೆ ನಿಂತಿದೆ.

ನಾನು ಕಡಲು ಕಂಡವನಲ್ಲ. ಆದರೆ ತೊಗರಿ ಹೊಲ ಕಂಡಿದ್ದೇನೆ. ಮನೆಯಲ್ಲಿ ಉಳಿಸಿಕೊಂಡ ಬೀಜ ವರ್ಷ ಕಳೆದಂತೆ ಬೆರಕೆಯಾಗುತ್ತದೆ ಎಂದು ಅಪ್ಪ ಹೇಳುತ್ತಲೇ ಇರುತ್ತಾರೆ. ಜೇನುನೊಣಗಳು ಪಕ್ಕದ ಹೊಲದ ಪರಾಗ ತರುತ್ತವೆ, ಅದು ಜೀನ್ ಹರಿವು. ನೆಟೆ ರೋಗಕ್ಕೆ ಗಿಡಗಳು ಸತ್ತು ತಾಳಿಕೊಂಡವು ಮಾತ್ರ ಬೀಜ ಕೊಡುತ್ತವೆ, ಅದು ಆಯ್ಕೆ.

1957ರಲ್ಲಿ ಲಂಡನ್ನಿನ ಹುದ್ದೆ ಬಿಟ್ಟು ಹಾಲ್ಡೇನ್ ಕಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಬಂದರು. 1961ರಲ್ಲಿ ಭಾರತದ ಪೌರರಾದರು. ಕುರ್ತಾ, ಧೋತರ ಉಟ್ಟರು, ಮಾಂಸಾಹಾರ ಬಿಟ್ಟರು. ದುಬಾರಿ ಯಂತ್ರವಿಲ್ಲದೆ ಕಣ್ಣು ಮತ್ತು ಎಣಿಕೆಯಿಂದಲೇ ಸಂಶೋಧನೆ ಮಾಡಬಹುದೆಂದು ಯುವಕರಿಗೆ ಕಲಿಸಿದರು. ಅವರ ಶಿಷ್ಯರೊಬ್ಬರು ಪಾರಿಜಾತದ ಎಸಳುಗಳನ್ನು ಎಣಿಸುತ್ತಾ ಕುಳಿತರು. 1964ರ ಡಿಸೆಂಬರ್ 1ರಂದು ಭುವನೇಶ್ವರದಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಾಗ, ಅವರ ಇಚ್ಛೆಯಂತೆ ದೇಹವನ್ನು ಕಾಕಿನಾಡದ ವೈದ್ಯಕೀಯ ಕಾಲೇಜಿಗೆ ಕೊಡಲಾಯಿತು. ಅವರು ಸಂಪಾದಿಸುತ್ತಿದ್ದ ಜರ್ನಲ್ ಆಫ್ ಜೆನೆಟಿಕ್ಸ್ ಇಂದು ನಮ್ಮ ಬೆಂಗಳೂರಿನಿಂದಲೇ ಪ್ರಕಟವಾಗುತ್ತಿದೆ.

ನಮ್ಮ ತೊಗರಿಯದು ಹಳದಿ ಹೂ. ಬದುವಿನಾಚೆ ಕಾಕಾನ ಹೊಲದ್ದು ಕೆಂಪು ಗೆರೆಯ ಹೂ. ಈ ಸಲ ರಾಶಿಗೆ ಮುಂಚೆ ಬದುವಿನಿಂದ ಒಂದೊಂದು ಸಾಲಿನ ಬೀಜವನ್ನು ಬೇರೆ ಬೇರೆ ಚೀಲದಲ್ಲಿ ಕಟ್ಟಿಟ್ಟಿದ್ದೇನೆ. ಮುಂಗಾರಿನಲ್ಲಿ ಬಿತ್ತಿ, ಹೂ ಬಿಟ್ಟಾಗ ಕೆಂಪು ಗೆರೆ ಎಷ್ಟು ದೂರ ಬಂದಿದೆ ಎಂದು ಎಣಿಸಬೇಕು. ಲೆಕ್ಕಕ್ಕೆ ಬೇಕಾದ ಪ್ರೋಗ್ರಾಂ ಬರೆಯಲು ಬಿ.ಇಯಲ್ಲಿ ಕಲಿತದ್ದು ಸಾಕು. ಅಪ್ಪ ನಗುತ್ತಾರೆ. ಆದರೂ ಎರಡು ಸಾಲು ಜಾಗ ಬಿಟ್ಟುಕೊಡಲು ಒಪ್ಪಿದ್ದಾರೆ.