ಜನಾಭಿಪ್ರಾಯದ ಮಾಪಕ ಜಾರ್ಜ್ ಗ್ಯಾಲಪ್

ಗಡಿನಾಡಿನ ಕನ್ನಡಿಗರಾದ ನಮಗೆ ಮನವಿಪತ್ರಗಳ ಲೆಕ್ಕ ಹೊಸದಲ್ಲ. 1953ರಲ್ಲಿ ನೇಮಕಗೊಂಡ ರಾಜ್ಯ ಪುನರ್ವಿಂಗಡಣಾ ಆಯೋಗದ ಮುಂದೆ 1,52,250 ಲಿಖಿತ ಪತ್ರಗಳು ಬಂದು ಬಿದ್ದವು. ಅವುಗಳಲ್ಲಿ ವಿಚಾರಪೂರ್ವಕವಾಗಿ ಬರೆದ ಮನವಿಗಳು ಎರಡು ಸಾವಿರವನ್ನು ಮೀರಲಿಲ್ಲವೆಂದು ಆಯೋಗವೇ 1955ರ ತನ್ನ ವರದಿಯಲ್ಲಿ ತಿಳಿಸಿತು. ರಾಶಿ ದೊಡ್ಡದಾದ ಮಾತ್ರಕ್ಕೆ ಅದು ಜನರ ಮನಸ್ಸೆನಿಸುವುದೆ? ಈ ಪ್ರಶ್ನೆಯನ್ನು ಸುಮಾರು ಇಪ್ಪತ್ತು ವರ್ಷ ಮೊದಲೇ ಅಮೆರಿಕದಲ್ಲಿ ಎತ್ತಿಕೊಂಡು, ಅದರ ಉತ್ತರವನ್ನು ಹುಡುಕುವುದರಲ್ಲಿಯೇ ಆಯುಷ್ಯವನ್ನು ಸವೆಸಿದ ಜಾರ್ಜ್ ಹೊರೇಸ್ ಗ್ಯಾಲಪ್ ಅವರ ಜೀವನವನ್ನು ವಾಚಕರ ಮುಂದಿಡಲು ಬಯಸುತ್ತೇವೆ.

ಗ್ಯಾಲಪ್ ಅವರು 1901ನೆಯ ನವೆಂಬರ್ 18ರಂದು ಅಯೋವಾ ಸಂಸ್ಥಾನದ ಜೆಫರ್ಸನ್ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ಅಯೋವಾ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದಾಗ ವಿದ್ಯಾರ್ಥಿಗಳ ಪತ್ರಿಕೆಯ ಸಂಪಾದಕರಾಗಿದ್ದರು. ಓದುಗರು ಪತ್ರಿಕೆಯಲ್ಲಿ ನಿಜವಾಗಿ ಏನನ್ನು ಓದುತ್ತಾರೆಂಬುದು ಅವರ ಸಂಶೋಧನೆಯ ವಿಷಯ. ಅದಕ್ಕಾಗಿ 1928ರಲ್ಲಿ ಡಾಕ್ಟರೇಟ್ ಪದವಿ ದೊರೆಯಿತು. ಓದುಗನ ಎದುರು ಪತ್ರಿಕೆಯನ್ನು ಬಿಡಿಸಿಟ್ಟು, ಅಂಕಣ ಅಂಕಣವಾಗಿ ತೋರಿಸಿ ಕೇಳುವುದು ಅವರ ಕ್ರಮ. ಸಂಪಾದಕರು ಬಹು ಶ್ರಮದಿಂದ ಸಜ್ಜುಗೊಳಿಸಿದ ಮುಖ್ಯ ವಾರ್ತೆಗಿಂತ ನಗೆಚಿತ್ರಗಳೇ ಹೆಚ್ಚು ಓದಿಸಿಕೊಳ್ಳುತ್ತಿದ್ದವೆಂದು ತಿಳಿದುಬಂತು. ಪತ್ರಿಕೆ ನಡೆಸುವವರಿಗೆ ಇದು ಅಷ್ಟೇನೂ ಹಿತವಾದ ವಾರ್ತೆಯಲ್ಲ!

1932ರಲ್ಲಿ ಅವರು ನ್ಯೂಯಾರ್ಕಿನ ಜಾಹೀರಾತು ಸಂಸ್ಥೆಯೊಂದನ್ನು ಸೇರಿದರು. ಅದೇ ವರ್ಷ ಅವರ ಅತ್ತೆಯವರಾದ ಓಲಾ ಬಾಬ್ಕಾಕ್ ಮಿಲ್ಲರ್ ಅಯೋವಾದ ರಾಜ್ಯ ಕಾರ್ಯದರ್ಶಿಯ ಪದವಿಗೆ ಸ್ಪರ್ಧಿಸಿ ಜಯಗಳಿಸಿದರು. ಅಳಿಯನ ಗಮನ ರಾಜಕೀಯದತ್ತ ಹೊರಳಿತು. 1935ರಲ್ಲಿ ಪ್ರಿನ್ಸ್‌ಟನ್ ನಗರದಲ್ಲಿ ಅಮೆರಿಕದ ಜನಾಭಿಪ್ರಾಯ ಸಂಸ್ಥೆಯು ಅವರಿಂದ ಸ್ಥಾಪಿತವಾಯಿತು.

ಆಗ ಈ ಕ್ಷೇತ್ರದಲ್ಲಿ ಲಿಟರರಿ ಡೈಜೆಸ್ಟ್ ಎಂಬ ವಾರಪತ್ರಿಕೆಯದೇ ದರ್ಬಾರು. ಹಿಂದಿನ ಹಲವು ಅಧ್ಯಕ್ಷೀಯ ಚುನಾವಣೆಗಳ ಫಲವನ್ನು ಅದು ಸರಿಯಾಗಿ ನುಡಿದಿತ್ತು. 1936ರಲ್ಲಿ ಅದು ಒಂದು ಕೋಟಿ ಮಾದರಿ ಮತಪತ್ರಗಳನ್ನು ಅಂಚೆಯಲ್ಲಿ ಕಳುಹಿಸಿತು. 23 ಲಕ್ಷಕ್ಕೂ ಮಿಕ್ಕಿ ಮರಳಿ ಬಂದವು. ಅವುಗಳ ಮೇರೆಗೆ ರೂಸ್‌ವೆಲ್ಟರು ಸೋಲುವರೆಂದೂ ಲ್ಯಾಂಡನ್ನರು ಗೆಲ್ಲುವರೆಂದೂ ಸಾರಿತು. ಗ್ಯಾಲಪ್ ಅವರ ಬಳಿ ಕೆಲವೇ ಸಾವಿರ ಜನರ ಉತ್ತರಗಳಿದ್ದವು. ಆದರೂ ಡೈಜೆಸ್ಟಿನ ಪತ್ರಗಳು ಅಂಚೆಗೆ ಬೀಳುವ ಮೊದಲೇ, ಅದರ ಎಣಿಕೆಯಲ್ಲಿ ಲ್ಯಾಂಡನ್ನರಿಗೆ ನೂರಕ್ಕೆ 56 ಬರುವುದೆಂದೂ, ಆ ಎಣಿಕೆ ಸುಳ್ಳಾಗುವುದೆಂದೂ ಪ್ರಕಟಿಸಿಬಿಟ್ಟರು. ತಮ್ಮ ಲೆಕ್ಕವು ಡೈಜೆಸ್ಟಿನದಕ್ಕಿಂತ ಕೆಟ್ಟದ್ದಾದರೆ ಪತ್ರಿಕೆಗಳಿಂದ ಪಡೆದ ಹಣವನ್ನು ಹಿಂದಿರುಗಿಸುವೆನೆಂದು ವಚನವಿತ್ತರು. ಡೈಜೆಸ್ಟಿಗೆ ಬಂದ ಅಂಕಿ ನೂರಕ್ಕೆ 57. ಚುನಾವಣೆಯಲ್ಲಿ ರೂಸ್‌ವೆಲ್ಟರಿಗೆ ಸುಮಾರು 61 ಬಂತು. ಲ್ಯಾಂಡನ್ನರು ಗೆದ್ದುದು ಎರಡೇ ಸಂಸ್ಥಾನಗಳನ್ನು. 1938ರ ಹೊತ್ತಿಗೆ ಆ ಪತ್ರಿಕೆಯೇ ನಿಂತುಹೋಯಿತು.

ಗುಟ್ಟು ಇಷ್ಟೇ. ಡೈಜೆಸ್ಟಿನ ವಿಳಾಸಗಳು ಬಹುಮಟ್ಟಿಗೆ ಟೆಲಿಫೋನ್ ಮತ್ತು ಮೋಟಾರು ಉಳ್ಳವರ ಪಟ್ಟಿಗಳಿಂದ ಬಂದವು. ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ಬಡವರು ಆ ಪಟ್ಟಿಗಳಲ್ಲಿ ವಿರಳ. ಪತ್ರ ಬಂದವರಲ್ಲಿಯೂ ಉತ್ತರಿಸುವ ಆಸಕ್ತಿ ರೂಸ್‌ವೆಲ್ಟರ ವಿರೋಧಿಗಳಿಗೇ ಹೆಚ್ಚು. ಅನ್ನ ಬೆಂದಿತೇ ಎಂದು ನೋಡಲು ಒಂದು ಅಗುಳು ಸಾಕೆಂಬುದು ನಮ್ಮ ಹಿರಿಯರ ಅನುಭವ. ಆದರೆ ಅವರು ಅದಕ್ಕೆ ಮೊದಲು ಸೌಟನ್ನು ತಳದವರೆಗೆ ಆಡಿಸುತ್ತಿದ್ದರು.

ಗ್ಯಾಲಪ್ ಅವರ ಸೌಟೂ ಎಲ್ಲೆಡೆ ಆಡಲಿಲ್ಲವೆಂದು ನಾವು ಹೇಳಲೇಬೇಕು. ಚುನಾವಣೆಯಲ್ಲಿ ಮತ ಹಾಕುವವರನ್ನೇ ಗಮನದಲ್ಲಿಟ್ಟು ಮಾದರಿ ಆರಿಸುತ್ತಿದ್ದುದರಿಂದ, ಮತದ ಹಕ್ಕನ್ನು ಕಾರ್ಯತಃ ಕಳೆದುಕೊಂಡಿದ್ದ ದಕ್ಷಿಣ ಸಂಸ್ಥಾನಗಳ ಕರಿಯ ಜನರು ಆ ಕಾಲದ ಲೆಕ್ಕದಿಂದ ಬಹುಮಟ್ಟಿಗೆ ಹೊರಗುಳಿದರು. ಪೆಟ್ಟಿಗೆಯಲ್ಲಿ ಅಡಗಿಸಲ್ಪಟ್ಟ ದನಿ ಮಾಪನದಲ್ಲಿಯೂ ಅಡಗಿತು. ಮಾದರಿ ಶುದ್ಧವಾಗಿದ್ದರೂ ಇನ್ನೊಂದು ತೊಡಕುಂಟು. ನೂರಕ್ಕೆ ಒಬ್ಬರಷ್ಟಿರುವ ಸಮುದಾಯಕ್ಕೆ 1,500 ಮಂದಿಯ ಮಾದರಿಯಲ್ಲಿ ಸಿಕ್ಕುವ ಸ್ಥಾನ ಹದಿನೈದು. ಆ ಹದಿನೈದರಿಂದ ಅವರ ಮನಸ್ಸನ್ನು ನಿರ್ಣಯಿಸಲಾಗದು. ಯಾವ ರಾಜ್ಯದಲ್ಲಿಯೂ ಅಲ್ಪಸಂಖ್ಯಾತರಾಗಿ ಬಾಳುವವರು ಇದನ್ನು ನೆನಪಿಡಬೇಕು.

1948ರಲ್ಲಿ ಗ್ಯಾಲಪ್ ಅವರೇ ಎಡವಿದರು. ಡ್ಯೂಯಿಯವರಿಗೆ ನೂರಕ್ಕೆ 49.5, ಟ್ರೂಮನ್ನರಿಗೆ 44.5 ಎಂದು ಅವರ ಲೆಕ್ಕ; ಬಂದುದು ಟ್ರೂಮನ್ನರಿಗೆ ಸುಮಾರು 49.5, ಡ್ಯೂಯಿಯವರಿಗೆ 45. ಇಷ್ಟು ಗಂಡಸರು, ಇಷ್ಟು ಹೆಂಗಸರು, ಇಷ್ಟು ಬಡವರು ಎಂದು ಗೊತ್ತುಪಡಿಸಿ, ವ್ಯಕ್ತಿಗಳ ಆಯ್ಕೆಯನ್ನು ಪ್ರಶ್ನೆ ಕೇಳುವವರಿಗೇ ಬಿಟ್ಟಿದ್ದುದು ಒಂದು ದೋಷ. ಕೊನೆಯ ದಿನಗಳಲ್ಲಿ ವಿಚಾರಣೆಯನ್ನು ನಿಲ್ಲಿಸಿದ್ದುದು ಇನ್ನೊಂದು. ಜನ ಆ ದಿನಗಳಲ್ಲಿಯೇ ಮನಸ್ಸು ಬದಲಿಸಿದ್ದರು. ಗ್ಯಾಲಪ್ ಅವರು ಮುಖ ಮರೆಸಿಕೊಳ್ಳಲಿಲ್ಲ. ಕ್ರಮೇಣ ಆಯ್ಕೆಯನ್ನು ಮನುಷ್ಯನ ಇಚ್ಛೆಯಿಂದ ತಪ್ಪಿಸಿ ಆಕಸ್ಮಿಕತೆಯ ಗಣಿತಕ್ಕೆ ಒಪ್ಪಿಸಿದರು. ಮತದಾನದ ಹೊಸ್ತಿಲವರೆಗೂ ವಿಚಾರಿಸುವ ಪದ್ಧತಿ ಬಂತು.

ನಮಗೆ ಇದಕ್ಕಿಂತಲೂ ಮೆಚ್ಚಾದುದು 1947ರಲ್ಲಿ ಅವರು ರೂಪಿಸಿದ ಐದು ಮೆಟ್ಟಿಲಿನ ಪ್ರಶ್ನಾಕ್ರಮ. ವಿಷಯವನ್ನು ಕೇಳಿಬಲ್ಲನೇ ಎಂಬುದು ಮೊದಲು, ಬಳಿಕ ಅವನದೇ ಮಾತಿನಲ್ಲಿ ಅಭಿಪ್ರಾಯ, ನಿಶ್ಚಿತ ಪ್ರಶ್ನೆಗೆ ಹೌದು ಅಥವಾ ಅಲ್ಲ, ಅದಕ್ಕೆ ಕಾರಣ, ಕೊನೆಗೆ ಆ ಅಭಿಪ್ರಾಯ ಎಷ್ಟು ಗಾಢವೆಂಬುದು. ಕೇಳಿದ ಕ್ಷಣದಲ್ಲಿ ಹುಟ್ಟಿದ ಉತ್ತರವನ್ನೂ ಬಹುಕಾಲ ಮನಸ್ಸಿನಲ್ಲಿ ಬೇರೂರಿದ ನಂಬಿಕೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂಬ ವಿವೇಕ ಇದರಲ್ಲಿದೆ.

ಗ್ಯಾಲಪ್ ಅವರು 1984ನೆಯ ಜುಲೈ 26ರಂದು ಸ್ವಿಟ್ಜರ್ಲೆಂಡಿನಲ್ಲಿ ತೀರಿಕೊಂಡರು. ಅವರ ಹೆಸರಿನ ಸಂಸ್ಥೆ 2012ರ ಅಧ್ಯಕ್ಷೀಯ ಚುನಾವಣೆಯಲ್ಲಿ ಮತ್ತೆ ಎಡವಿತು. 2016ರ ಚುನಾವಣೆಯಲ್ಲಿ ಗೆಲ್ಲುವವರು ಯಾರೆಂದು ಎಣಿಸುವುದನ್ನು ಬಿಟ್ಟು, ದೇಶದ ಸಮಸ್ಯೆಗಳ ಬಗ್ಗೆ ಜನರನ್ನು ಕೇಳುತ್ತ ಹೋಯಿತು.