ವಾಗ್ದಾನದ ವಾರಸುದಾರರು ಯಾರು?
ಪೌಲನ ಜೀವನದಿಂದ ಒಂದು ಪಾಠ



ನಿಮ್ಮ ನೆರೆಯ ಕ್ರೈಸ್ತರ ಮನೆಯಲ್ಲಿರುವ ಕನ್ನಡ ಬೈಬಲನ್ನು ತೆರೆದು ನೋಡಿರಿ. ಅದರಲ್ಲಿ ಎರಡು ಭಾಗಗಳಿವೆ. ಒಂದು ಹಳೆಯ ಒಡಂಬಡಿಕೆ, ಇನ್ನೊಂದು ಹೊಸ ಒಡಂಬಡಿಕೆ. ಬಳ್ಳಾರಿಯಲ್ಲಿದ್ದ ಪಾದ್ರಿ ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರ ಶ್ರಮದಿಂದ 1831ರಲ್ಲಿ ಈ ಗ್ರಂಥ ಪೂರ್ಣವಾಗಿ ಕನ್ನಡಕ್ಕೆ ಬಂತು. ಒಡಂಬಡಿಕೆ ಎಂದರೆ ಕರಾರು. ಹೊಸ ಕರಾರು ಬಂದ ಮೇಲೆ ಹಳೆಯದು ರದ್ದಾಯಿತೇ? ಪ್ರವಾದಿ ಇಬ್ರಾಹೀಮ್(ಅ) ಮತ್ತು ಅವರ ಸಂತತಿಗೆ ದೇವನು ನೀಡಿದ ವಾಗ್ದಾನ ಏನಾಯಿತು? ಈ ಪ್ರಶ್ನೆಗೆ ಕ್ರೈಸ್ತರು ಇಂದಿಗೂ ಉತ್ತರ ಹುಡುಕುವುದು ಒಬ್ಬ ವ್ಯಕ್ತಿಯ ಪತ್ರಗಳಲ್ಲಿ. ಆತನೇ ಪೌಲ.

ಪೌಲನು ಇಂದಿನ ತುರ್ಕಿಯ ತಾರ್ಸಸ್ ಪಟ್ಟಣದ ಯಹೂದಿ. ಸೌಲ ಎಂಬುದು ಆತನ ಹೀಬ್ರೂ ಹೆಸರು. ಬೆನ್ಯಾಮೀನನ ಕುಲದವನು, ಫರಿಸಾಯ ಪಂಥದವನು, ಜೊತೆಗೆ ರೋಮಿನ ಪೌರ. ಡೇರೆ ಕಟ್ಟುವುದು ಆತನ ಕಸುಬು. ಜೆರುಸಲೇಮಿನಲ್ಲಿ ಗಮಲಿಯೇಲ ಎಂಬ ಹೆಸರಾಂತ ಗುರುವಿನ ಬಳಿ ಧರ್ಮಶಾಸ್ತ್ರ ಕಲಿತನೆಂದು ಬೈಬಲ್ ಹೇಳುತ್ತದೆ. ಆತ ಈಸಾ(ಅ)ರ ಶಿಷ್ಯರಲ್ಲೊಬ್ಬನಲ್ಲ. ಆರಂಭದಲ್ಲಿ ಅವರ ಅನುಯಾಯಿಗಳನ್ನು ಹಿಡಿದು ಹಿಂಸಿಸಿದವನು. ದಮಾಸ್ಕಸ್‌ಗೆ ಹೋಗುವ ದಾರಿಯಲ್ಲಿ ತನಗೆ ದರ್ಶನವಾಯಿತೆಂದು ನಂಬಿದ ಮೇಲೆ ಆತನ ಬದುಕು ತಿರುಗಿತು. ಇದು ನಡೆದದ್ದು ಸುಮಾರು ಕ್ರಿ.ಶ. 33ರಿಂದ 36ರ ನಡುವೆ.

ಅಂದಿನ ಅನುಯಾಯಿಗಳೆಲ್ಲ ಯಹೂದಿಗಳೇ ಆಗಿದ್ದರು. ಯಹೂದಿಯರಲ್ಲದ ಗ್ರೀಕರು, ಸಿರಿಯನ್ನರು ಬಂದು ಸೇರತೊಡಗಿದಾಗ ಕಗ್ಗಂಟು ಎದ್ದಿತು. ಅವರಿಗೂ ಸುನ್ನತಿ ಆಗಬೇಕೇ? ತೌರಾತಿನ ಶಾಸನವನ್ನು ಅವರೂ ಪಾಲಿಸಬೇಕೇ? ಅಂತಿಯೋಕ್ಯದಲ್ಲಿ ಎಲ್ಲರೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರು. ಜೆರುಸಲೇಮಿನಿಂದ ಕೆಲವರು ಬಂದಾಗ ಹಿರಿಯ ಶಿಷ್ಯನಾದ ಪೇತ್ರನು ಆ ಪಂಕ್ತಿಯಿಂದ ಹಿಂದೆ ಸರಿದನು. ಪೌಲನು ಎಲ್ಲರೆದುರಿಗೇ ಆತನನ್ನು ತರಾಟೆಗೆ ತೆಗೆದುಕೊಂಡನು. ಒಂದೇ ದೇವನನ್ನು ನಂಬಿದವರು ಊಟಕ್ಕೆ ಬೇರೆ ಬೇರೆ ಕೂರುವುದನ್ನು ಆತ ಸಹಿಸಲಿಲ್ಲ.

ಆತನ ವಾದವನ್ನು ಗಮನಿಸಿರಿ. ಇಬ್ರಾಹೀಮ್(ಅ)ರಿಗೆ ವಾಗ್ದಾನ ಸಿಕ್ಕಿದ್ದು ಮೊದಲು. ಶಾಸನ ಬಂದದ್ದು 430 ವರ್ಷಗಳ ತರುವಾಯ. ಮೊದಲೇ ಸ್ಥಿರವಾದ ಪತ್ರವನ್ನು ಆಮೇಲೆ ಬಂದದ್ದು ಅಳಿಸಲಾರದು. ಆದ್ದರಿಂದ ಇಬ್ರಾಹೀಮ್(ಅ)ರಂತೆ ವಿಶ್ವಾಸವಿಡುವವರೆಲ್ಲರೂ ಅವರ ಮಕ್ಕಳೇ ಎಂದು ಆತ ಬರೆದನು.

ಹಾಗಾದರೆ ಯಹೂದಿಯರನ್ನು ದೇವನು ಕೈಬಿಟ್ಟನೇ? ಸುಮಾರು ಕ್ರಿ.ಶ. 57ರಲ್ಲಿ ಕೊರಿಂಥದಿಂದ ರೋಮಿನವರಿಗೆ ಬರೆದ ಪತ್ರದಲ್ಲಿ ಪೌಲನು ಇಲ್ಲವೆಂದೇ ಉತ್ತರಿಸಿದನು. ಅದಕ್ಕೆ ಆಲಿವ್ ಮರದ ಹೋಲಿಕೆ ಕೊಟ್ಟನು. ಬಲಸಮುದ್ರ, ಮಧುಗಿರಿ, ಶಿರಾ ಕಡೆಯ ರೈತರಿಗೆ ಮಾವಿನ ಕಸಿ ಕಟ್ಟುವುದು ಗೊತ್ತು. ನಾಟಿ ಗಿಡಕ್ಕೆ ಒಳ್ಳೆಯ ಜಾತಿಯ ಕಡ್ಡಿ ಕೂಡಿಸುತ್ತಾರೆ. ಪೌಲನು ಹೇಳಿದ್ದು ಇದಕ್ಕೆ ತಿರುಗುಮುರುಗು. ಒಳ್ಳೆಯ ಮರದ ಕೆಲವು ಕೊಂಬೆಗಳು ಮುರಿದವು, ಅಲ್ಲಿಗೆ ಕಾಡುಮರದ ಕೊಂಬೆಯನ್ನು ಕಸಿ ಮಾಡಲಾಯಿತು. ಬೇರು ಮಾತ್ರ ಹಳೆಯದೇ. ಕಸಿಯಾಗಿ ಬಂದ ಕೊಂಬೆ ಜಂಬಪಡಬಾರದು, ಮುರಿದ ಕೊಂಬೆಗಳನ್ನು ದೇವನು ಮತ್ತೆ ಕೂಡಿಸಬಲ್ಲನು ಎಂದು ಆತ ಎಚ್ಚರಿಸಿದನು.

ಆ ಪತ್ರ ಬರೆದು ಆತ ಜೆರುಸಲೇಮಿನ ಬಡವರಿಗಾಗಿ ಕೂಡಿಸಿದ ಹಣದೊಂದಿಗೆ ಹೊರಟನು. ಅಲ್ಲಿ ಅನ್ಯನೊಬ್ಬನನ್ನು ದೇವಾಲಯದೊಳಗೆ ಕರೆತಂದನೆಂಬ ಆರೋಪದ ಮೇಲೆ ಜನ ಮುಗಿಬಿದ್ದರು. ಗಡಿ ದಾಟುವ ಅನ್ಯರಿಗೆ ಮರಣವೆಂದು ಎಚ್ಚರಿಸುವ ಶಿಲಾಶಾಸನ 1871ರಲ್ಲಿ ದೊರೆತಿದೆ. ಪೌಲನು ಕೈಸರೈಯದಲ್ಲಿ ಎರಡು ವರ್ಷ ಸೆರೆಯಲ್ಲಿದ್ದು, ಬಳಿಕ ರೋಮಿಗೆ ಸಾಗಿಸಲ್ಪಟ್ಟನು. ಚಕ್ರವರ್ತಿ ನೀರೋನ ಕಾಲದಲ್ಲಿ ಅಲ್ಲಿಯೇ ಕೊಲ್ಲಲ್ಪಟ್ಟನೆಂಬುದು ಕ್ರೈಸ್ತ ಪರಂಪರೆ.

ಆದರೆ ಆತನ ಎಚ್ಚರಿಕೆಯನ್ನು ಆತನವರೇ ಮರೆತರು. ಕ್ರಿ.ಶ. 70ರಲ್ಲಿ ರೋಮನರು ದೇವಾಲಯವನ್ನು ಕೆಡವಿದ ಮೇಲೆ, ವಾಗ್ದಾನವೆಲ್ಲ ಈಗ ತಮ್ಮದು, ಯಹೂದಿಯರು ಶಾಪಗ್ರಸ್ತರು ಎಂಬ ಬೋಧನೆ ಬೆಳೆಯಿತು. ಕಸಿಯ ಕೊಂಬೆ ಬೇರನ್ನೇ ಹಳಿಯಿತು. ಅದರ ಫಲವನ್ನು ಯೂರೋಪಿನ ಯಹೂದಿಯರು ಶತಮಾನಗಳ ಕಾಲ ಉಂಡರು. 1492ರಲ್ಲಿ ಸ್ಪೇನ್ ಹೊರಗಟ್ಟಿದ ಯಹೂದಿಯರಲ್ಲಿ ಬಹಳ ಮಂದಿಗೆ ಆಶ್ರಯ ದೊರೆತದ್ದು ಉಸ್ಮಾನಿಯಾ ಸಾಮ್ರಾಜ್ಯದಲ್ಲಿ. 1965ರ ಅಕ್ಟೋಬರ್ 28ರಂದು ಕ್ಯಾಥೊಲಿಕ್ ಸಭೆಯ ಎರಡನೆಯ ವ್ಯಾಟಿಕನ್ ಮಹಾಸಭೆಯು ಯಹೂದಿಯರನ್ನು ಶಾಪಗ್ರಸ್ತರೆಂದು ಬೋಧಿಸಬಾರದೆಂದು ಘೋಷಿಸಿತು. ಅದಕ್ಕೆ ಆಧಾರವಾದದ್ದು ಪೌಲನ ಆ ಪತ್ರವೇ. ಅದೇ ಘೋಷಣೆ ಮುಸ್ಲಿಮರ ಬಗ್ಗೆಯೂ ಗೌರವದಿಂದ ಮಾತಾಡಿತು. ಇಂದು ಕೆಲವು ಕ್ರೈಸ್ತರು ಆ ವಾಗ್ದಾನವನ್ನು ಫೆಲೆಸ್ತೀನಿನ ನೆಲದ ಹಕ್ಕುಪತ್ರವಾಗಿ ಓದುತ್ತಾರೆ. ಅದೇ ನೆಲದ ಕ್ರೈಸ್ತರಲ್ಲಿ ಅನೇಕರು ಇದನ್ನು ಒಪ್ಪುವುದಿಲ್ಲ.

ಈಸಾ(ಅ)ರ ಬಗ್ಗೆ ಪೌಲನು ಬೋಧಿಸಿದ್ದನ್ನೂ ಶಾಸನದ ಬಗ್ಗೆ ಆತ ಹೇಳಿದ್ದನ್ನೂ ನಾವು ಒಪ್ಪುವುದಿಲ್ಲ. ನಮಗೆ ಈಸಾ(ಅ) ದೇವನ ದಾಸರು ಮತ್ತು ಪ್ರವಾದಿ. ಆದರೆ ಆತ ಎತ್ತಿದ ಪ್ರಶ್ನೆ ನಮ್ಮ ಬಾಗಿಲನ್ನೂ ತಟ್ಟುತ್ತದೆ. ಇಬ್ರಾಹೀಮ್(ಅ) ತಮ್ಮ ಸಂತತಿಗಾಗಿ ಕೇಳಿದಾಗ, ತನ್ನ ಕರಾರು ಅಕ್ರಮಿಗಳಿಗೆ ಅನ್ವಯಿಸದೆಂದು ಅಲ್ಲಾಹನು ತಿಳಿಸಿದ್ದನ್ನು ಕುರ್‌ಆನಿನ ಅಲ್ ಬಕರಃ ಅಧ್ಯಾಯದಲ್ಲಿ ನೀವು ಓದಿದ್ದೀರಿ. ವಂಶದ ಹೆಸರು ಯಾರನ್ನೂ ಉಳಿಸದು. ಮುಸ್ಲಿಮ್ ಮನೆಯಲ್ಲಿ ಹುಟ್ಟಿದ ಮಾತ್ರಕ್ಕೆ ನಮಗೂ ವಿನಾಯಿತಿಯಿಲ್ಲ. ನಮ್ಮ ನಮಾಝ್, ನಮ್ಮ ತಕ್ಕಡಿ, ನೆರೆಯವರೊಂದಿಗಿನ ನಮ್ಮ ನಡತೆ ಇಬ್ರಾಹೀಮ್(ಅ)ರ ದಾರಿಯಲ್ಲಿವೆಯೇ? ಇಂದು ರಾತ್ರಿ ಮಲಗುವ ಮುನ್ನ ನಿಮ್ಮನ್ನು ನೀವೇ ಕೇಳಿಕೊಳ್ಳಿರಿ. ಮಕ್ಕಳಿಗೂ ಹೇಳಿಕೊಡಿರಿ.